ನೊಗಾಲೆಸ್: ಒಂದು ಬೀದಿ ಎರಡಾದ ಕಥೆ

ನೊಗಾಲೆಸ್ ಅಂದರೆ ಸ್ಪ್ಯಾನಿಷಿನಲ್ಲಿ ಅಕ್ರೋಟು ಮರಗಳು. ಈ ಹೆಸರಿನ ಊರು ಎರಡಿವೆ. ಒಂದು ಅಮೆರಿಕದ ಅರಿಜೋನಾದ್ದು, ಸುಮಾರು 20 ಸಾವಿರ ಜನ. ಇನ್ನೊಂದು ಮೆಕ್ಸಿಕೋದ ಸೊನೋರಾದ್ದು, ಎರಡೂವರೆ ಲಕ್ಷಕ್ಕೂ ಜಾಸ್ತಿ. ನಡುವೆ ಇರುವುದು ಒಂದು ಬೇಲಿ ಅಷ್ಟೇ. ಅಲ್ಲಿಯವರು ಎರಡನ್ನೂ ಸೇರಿಸಿ 'ಆಂಬೋಸ್ ನೊಗಾಲೆಸ್' ಅನ್ನುತ್ತಾರೆ, ಅಂದರೆ ನೊಗಾಲೆಸ್ ಎರಡೂ.

ಗಡಿ ಗೆರೆ ಬಿದ್ದಿದ್ದು ಅಮೆರಿಕ ಮೆಕ್ಸಿಕೋದಿಂದ ಜಮೀನು ಕೊಂಡ 1853ರ ಗ್ಯಾಡ್ಸ್‌ಡನ್ ಒಪ್ಪಂದದಿಂದ. ಆಗ ಅಲ್ಲಿ ಊರೇ ಇರಲಿಲ್ಲ. 1882ರಲ್ಲಿ ರೈಲು ಬಂತು, ಅದರ ಹಿಂದೆಯೇ ಅಂಗಡಿಗಳು ಬಂದವು. ಗೆರೆಗೆ ಅಂಟಿಕೊಂಡೇ ಬ್ರಿಕ್‌ವುಡ್ ಎಂಬವನ ಸಾರಾಯಿ ಅಂಗಡಿ ಇತ್ತು. ಒಳಗೆ ಅಮೆರಿಕದಲ್ಲಿ ಕುಡಿದು, ಬಾಗಿಲಾಚೆ ಹೆಜ್ಜೆಯಿಟ್ಟರೆ ಮೆಕ್ಸಿಕೋದ ಚುಟ್ಟ ಸುಂಕವಿಲ್ಲದೆ ಸಿಗುತ್ತಿತ್ತು! ಸುಂಕದವರು ಇದನ್ನು ಎಷ್ಟು ದಿನ ಸಹಿಸಿಯಾರು? 1897ರಲ್ಲಿ ಅಧ್ಯಕ್ಷ ಮೆಕಿನ್ಲಿ ಆದೇಶ ಹೊರಡಿಸಿ, ಅಮೆರಿಕದ ಬದಿಯ 60 ಅಡಿ ಜಾಗ ತೆರವು ಮಾಡಿಸಿದರು. ಅಲ್ಲಿಗೂ ಬೇಲಿ ಇರಲಿಲ್ಲ. ಬೀದಿ ಅಗಲವಾಯಿತು, ಅಷ್ಟೇ.

ಬೇಲಿ ತಂದಿದ್ದು ಗುಂಡಿನ ಸದ್ದು. 1918ರ ಆಗಸ್ಟ್ 27ರಂದು ಬಡಗಿಯೊಬ್ಬ ಕೈಯಲ್ಲಿ ಗಂಟು ಹಿಡಿದು ಮೆಕ್ಸಿಕೋಗೆ ವಾಪಸ್ ನಡೆದಿದ್ದ. ಅಮೆರಿಕದ ಕಾವಲಿನವರು ನಿಲ್ಲು ಅಂದರು, ಮೆಕ್ಸಿಕೋದವರು ಬಾ ಅಂದರು. ಯಾರೋ ಗುಂಡು ಹಾರಿಸಿದರು. ಸಂಜೆಯೊಳಗೆ ಎರಡೂ ಕಡೆ ಹೆಣ ಬಿದ್ದಿದ್ದವು. ಜಗಳ ನಿಲ್ಲಿಸಲು ಕೋಲಿಗೆ ಬಿಳಿ ಕರವಸ್ತ್ರ ಕಟ್ಟಿ ಬಂದ ಮೆಕ್ಸಿಕೋ ಕಡೆಯ ಮೇಯರ್ ಫೆಲಿಕ್ಸ್ ಪೆನ್ಯಲೋಸಾ ಅವರೂ ಸತ್ತರು. ಆಮೇಲೆ ತಂತಿ ಬೇಲಿ ಎದ್ದಿತು.

ಮುಂದಿನ ದೊಡ್ಡ ತಿರುವು 1994ರದ್ದು. ಅಮೆರಿಕ, ಮೆಕ್ಸಿಕೋ, ಕೆನಡಾ ನಡುವಿನ ಮುಕ್ತ ವ್ಯಾಪಾರದ ನಾಫ್ಟಾ ಒಪ್ಪಂದದಿಂದ ಸರಕಿಗೆ ದಾರಿ ಅಗಲವಾಯಿತು. ಅದೇ ಹೊತ್ತಿಗೆ ಜನರ ದಾರಿ ಬಿಗಿಯಾಯಿತು. ವಿಯೆಟ್ನಾಂ ಯುದ್ಧಕಾಲದ, ಹೆಲಿಕಾಪ್ಟರ್ ಇಳಿಸಲು ನೆಲಕ್ಕೆ ಹಾಸುತ್ತಿದ್ದ ಕಬ್ಬಿಣದ ಹಲಗೆಗಳನ್ನು ಎತ್ತಿ ನಿಲ್ಲಿಸಿ ಗೋಡೆ ಮಾಡಿದರು. ಈಗಲೂ ಚಳಿಗಾಲದಲ್ಲಿ ಟೊಮೆಟೊ, ಸೌತೆಕಾಯಿ ತುಂಬಿದ ಲಾರಿಗಳ ಸಾಲು ಗಡಿ ದಾಟುವ ಮಾರಿಪೋಸಾ ಗೇಟಿನಲ್ಲಿ ನಿಲ್ಲುತ್ತದೆ.

ಮಳೆ ನೀರಿಗೆ ಮಾತ್ರ ಈ ಗೆರೆ ಅರ್ಥವಾಗುವುದಿಲ್ಲ. ಎತ್ತರದ ಜಾಗ ಮೆಕ್ಸಿಕೋದ್ದು, ಹಾಗಾಗಿ ನೀರು ನೆಲದಡಿಯ ಸುರಂಗದಲ್ಲಿ ಅಮೆರಿಕದ ಕಡೆಗೆ ಹರಿಯುತ್ತದೆ. ನುಸುಳುವವರನ್ನು ತಡೆಯಲು ಅಮೆರಿಕದ ಗಡಿ ಕಾವಲಿನವರು ಆ ಸುರಂಗದೊಳಗೆ ಕಾಂಕ್ರೀಟ್ ಅಡ್ಡಗೋಡೆ ಕಟ್ಟಿದ್ದರು. 2008ರ ಜುಲೈ ಮಳೆಯಲ್ಲಿ ನೀರು ಕಟ್ಟಿಕೊಂಡು ಮೆಕ್ಸಿಕೋ ಕಡೆಯ ಪೇಟೆಗೇ ನುಗ್ಗಿತು. ಇಬ್ಬರು ಸತ್ತರು, ನೂರಾರು ಮನೆಗೆ ಹಾನಿಯಾಯಿತು.

2011ರಲ್ಲಿ ಹಲಗೆ ತೆಗೆದು ಎತ್ತರದ ಉಕ್ಕಿನ ಕಂಬ ನೆಟ್ಟರು. ಕಾವಲಿನವರಿಗೆ ಆಚೆ ಕಾಣಲಿ ಅಂತ ಬಿಟ್ಟ ಸಂದಿಯಲ್ಲಿ ಅಜ್ಜಿಯರು ಮೊಮ್ಮಕ್ಕಳ ಬೆರಳು ಹಿಡಿಯತೊಡಗಿದರು. ಆಮೇಲೆ ಪೇಟೆಯ ಭಾಗದಲ್ಲಿ ಆ ಸಂದಿಗೂ ಜಾಲರಿ ಬಂತು. 2018ರ ಕೊನೆಯಲ್ಲಿ ಸೈನಿಕರು ಕಂಬಗಳಿಗೆ ಬ್ಲೇಡಿನ ತಂತಿ ಸುತ್ತಿದರು. ಮರುವರ್ಷ ಫೆಬ್ರುವರಿಯಲ್ಲಿ ಅರಿಜೋನಾ ಕಡೆಯ ನಗರಸಭೆಯೇ ಅದನ್ನು ಖಂಡಿಸಿ ನಿರ್ಣಯ ಮಾಡಿತು. ಗಡಿಗೆ ತಾಗಿದ ಮಾರ್ಲಿ ಅವೆನ್ಯೂನ ಬಟ್ಟೆ, ಚಪ್ಪಲಿ ಅಂಗಡಿಗಳಿಗೆ ಗಿರಾಕಿ ಬರಬೇಕಾದದ್ದು ಆಚೆಯಿಂದಲೇ ಅಲ್ವಾ.