ದೊಡ್ಡವನಿಗೆ 12, ಚಿಕ್ಕವಳಿಗೆ 7: ಜರ್ಮನ್ ಪಾಠ ಒಟ್ಟಿಗೇ ಮಾಡಬಹುದಾ?

"ಮೇಡಂ, ಇಬ್ಬರು ಮಕ್ಕಳನ್ನೂ ಮನೆಯಲ್ಲೇ ಓದಿಸುತ್ತಿದ್ದೇವೆ. ದೊಡ್ಡವನಿಗೆ 12, ಚಿಕ್ಕವಳಿಗೆ 7. ಜೂನ್‌ನಿಂದ ಜರ್ಮನ್ ಶುರು ಮಾಡೋಣ ಅಂತಿದ್ದೀವಿ. ಇಬ್ಬರಿಗೂ ಒಂದೇ ಪುಸ್ತಕ ಸಾಕಾ? ಎಷ್ಟು ವೇಗವಾಗಿ ಹೋಗಬೇಕು? ಚಿಕ್ಕವಳು ಹೇಗೂ ಬೇಗ ಕಲೀತಾಳೆ, ದೊಡ್ಡವನು ಹಿಂದೆ ಬೀಳ್ತಾನೇನೋ ಅಂತ ಭಯ."

ಮಕ್ಕಳ ವಯಸ್ಸು ಆಚೀಚೆ ಆಗುತ್ತದೆ, ಜರ್ಮನ್ ಜಾಗದಲ್ಲಿ ಕೆಲವೊಮ್ಮೆ ಫ್ರೆಂಚ್ ಬರುತ್ತದೆ. ಉಳಿದಂತೆ ಬೇಸಿಗೆ ರಜೆ ಬಂತೆಂದರೆ ಇದೇ ಪ್ರಶ್ನೆ. ಚಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಒಟ್ಟಿಗೆ ಶುರು ಮಾಡಿ, ಒಟ್ಟಿಗೆ ಆಡಿಸಿ, ಪಾಠ ಮಾತ್ರ ಬೇರೆ ಬೇರೆ ಇರಲಿ. ದೊಡ್ಡವನಿಗೆ ವಾರಕ್ಕೆ ನಾಲ್ಕು ದಿನ, ದಿನಕ್ಕೆ ಅರ್ಧ ಗಂಟೆ. ಚಿಕ್ಕವಳಿಗೆ ದಿನಾ ಹತ್ತು ನಿಮಿಷ.

ಇನ್ನು ಆ ಪ್ರಶ್ನೆಯ ಕೊನೇ ಸಾಲಿಗೆ ಬರೋಣ. ಅದಕ್ಕೆ ಉತ್ತರ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. "ಚಿಕ್ಕ ಮಕ್ಕಳು ಸ್ಪಂಜಿನ ಹಾಗೆ ಭಾಷೆ ಹೀರಿಕೊಳ್ಳುತ್ತಾರೆ, ದೊಡ್ಡವರಿಗೆ ಆಗಲ್ಲ." ಇದನ್ನು ಹೇಳದ ಅಪ್ಪ ಅಮ್ಮನನ್ನು ನಾನಿನ್ನೂ ನೋಡಿಲ್ಲ.

ಈ ನಂಬಿಕೆ ಎಲ್ಲಿಂದ ಬಂತು ಅಂತ ಗೊತ್ತು. ನಮ್ಮ ಬೆಂಗಳೂರಿನ ಮಕ್ಕಳನ್ನೇ ನೋಡಿ. ಪಕ್ಕದ ಮನೆಯ ತೆಲುಗು ಮಗುವಿನ ಜೊತೆ ಜೂನ್‌ನಲ್ಲಿ ಆಟ ಶುರು ಮಾಡಿದರೆ ದೀಪಾವಳಿ ಹೊತ್ತಿಗೆ ಅದೇ ಭಾಷೆಯಲ್ಲಿ ಜಗಳ ಆಡುತ್ತಿರುತ್ತಾರೆ. ಕಣ್ಣಾರೆ ಕಂಡಿದ್ದೇವೆ, ಸುಳ್ಳಲ್ಲ. ಆದರೆ ಗಂಟೆ ಲೆಕ್ಕ ಯಾರೂ ಹಾಕುವುದಿಲ್ಲ. ದಿನಕ್ಕೆ ನಾಲ್ಕು ಗಂಟೆ ಆಟ ಅಂದುಕೊಳ್ಳಿ. ವರ್ಷಕ್ಕೆ ಸುಮಾರು 1,460 ಗಂಟೆ. ನೀವು ಹಾಕಿಸುವ ಕ್ಲಾಸು ವಾರಕ್ಕೆ ಎರಡು, ಒಂದೊಂದೂ 40 ನಿಮಿಷ. ಒಂದು ವಾರವೂ ತಪ್ಪಿಸದೆ ಹೋದರೂ ವರ್ಷಕ್ಕೆ 70 ಗಂಟೆ ದಾಟುವುದಿಲ್ಲ. ಅಂದರೆ ಬೀದಿಯಲ್ಲಿ ಒಂದು ವರ್ಷದಲ್ಲಿ ಸಿಕ್ಕಿದ್ದನ್ನು ಕ್ಲಾಸಿನಲ್ಲಿ ತುಂಬಿಸಲು 20 ವರ್ಷಕ್ಕಿಂತ ಜಾಸ್ತಿ ಬೇಕು! ಸಾಲದ್ದಕ್ಕೆ ತೆಲುಗು ನಮ್ಮ ಭಾಷೆಗೆ ಹತ್ತಿರದ ನೆಂಟ. ಜರ್ಮನ್ ಅಲ್ಲ.

ಸರಿ, ಬೀದಿ ತುಂಬಾ ಆ ಭಾಷೆಯೇ ಇದ್ದರೆ? ಆಗಲೂ ಚಿಕ್ಕವರು ಮೊದಲು ಓಡುವುದಿಲ್ಲ. ಕ್ಯಾಥರೀನ್ ಸ್ನೋ ಮತ್ತು ಮರಿಯನ್ ಹೂಫ್ನಾಗೆಲ್-ಹೋಲೆ ಎಂಬ ಸಂಶೋಧಕರು ನೆದರ್‌ಲ್ಯಾಂಡ್ಸ್‌ನಲ್ಲಿ ಡಚ್ ಕಲಿಯುತ್ತಿದ್ದ ಇಂಗ್ಲಿಷ್ ಮಾತಾಡುವವರನ್ನು ಒಂದು ವರ್ಷ ಗಮನಿಸಿ 1978ರಲ್ಲಿ ಬರೆದರು. ಮೂರು ವರ್ಷದ ಮಗುವಿನಿಂದ ದೊಡ್ಡವರ ತನಕ ಎಲ್ಲ ವಯಸ್ಸಿನವರೂ ಇದ್ದರು. ಮೊದಲ ತಿಂಗಳುಗಳಲ್ಲಿ ಮುಂದಿದ್ದವರು 12ರಿಂದ 15ರ ಮಕ್ಕಳು ಮತ್ತು ದೊಡ್ಡವರು. ವರ್ಷದ ಕೊನೆಗೆ ಚೆನ್ನಾಗಿ ಕಲಿತಿದ್ದವರು 8ರಿಂದ 10 ಮತ್ತು 12ರಿಂದ 15ರವರು. ಎಲ್ಲಕ್ಕಿಂತ ಹಿಂದೆ ಇದ್ದವರು ಯಾರು ಗೊತ್ತಾ? 3ರಿಂದ 5ರ ಪುಟಾಣಿಗಳು.

ಕ್ಲಾಸಿನ ಕಥೆ ಬಾರ್ಸಿಲೋನಾದಲ್ಲಿ ಸಿಗುತ್ತದೆ. ಅಲ್ಲಿ ಕಾರ್ಮೆನ್ ಮುನ್ಯೋಸ್ ಅವರ ತಂಡ, 8ನೇ ವಯಸ್ಸಿಗೆ ಇಂಗ್ಲಿಷ್ ಶುರು ಮಾಡಿದವರನ್ನೂ 11ಕ್ಕೆ ಶುರು ಮಾಡಿದವರನ್ನೂ ಹೋಲಿಸಿ ನೋಡಿತು. ಇಬ್ಬರಿಗೂ ಒಂದೇ ಅಷ್ಟು ಗಂಟೆ ಪಾಠ ಆದಾಗ ತಡವಾಗಿ ಶುರು ಮಾಡಿದವರೇ ಮುಂದೆ. ಆ ಮಕ್ಕಳಿಗೂ ಮೊದಲೇ ಎರಡು ಭಾಷೆ ಬರುತ್ತಿತ್ತು, ಕ್ಯಾಟಲನ್ ಮತ್ತು ಸ್ಪ್ಯಾನಿಷ್. ನಮ್ಮ ಮಕ್ಕಳ ಹಾಗೇ ಅಲ್ವಾ?

ಹಾಗಾದರೆ ಚಿಕ್ಕವರಿಗೆ ಏನೂ ಅನುಕೂಲ ಇಲ್ಲವಾ? ಇದೆ. ಆ ಭಾಷೆಯ ಊರಲ್ಲೇ ವರ್ಷಗಟ್ಟಲೆ ಇದ್ದುಬಿಟ್ಟರೆ ಕೊನೆಗೆ ಅಲ್ಲಿಯವರಂತೆ ಮಾತಾಡುವವರು ಹೆಚ್ಚಾಗಿ ಚಿಕ್ಕಂದಿನಲ್ಲಿ ಶುರು ಮಾಡಿದವರೇ. ಉಚ್ಚಾರಣೆಯಲ್ಲಂತೂ ಅವರನ್ನು ಹಿಡಿಯುವುದು ಕಷ್ಟ. 2018ರಲ್ಲಿ ಇಂಟರ್‌ನೆಟ್ ಮೂಲಕ ಸುಮಾರು 6.7 ಲಕ್ಷ ಜನರ ಇಂಗ್ಲಿಷ್ ವ್ಯಾಕರಣ ಪರೀಕ್ಷಿಸಿದ ಒಂದು ದೊಡ್ಡ ಅಧ್ಯಯನ ಬಂತು. ವ್ಯಾಕರಣ ಹಿಡಿಯುವ ಶಕ್ತಿ 17 ದಾಟುವ ತನಕ ಕುಗ್ಗುವುದಿಲ್ಲ ಅಂದಿತು. ಅದರ ಲೆಕ್ಕಾಚಾರದ ಬಗ್ಗೆ ತಜ್ಞರಲ್ಲೇ ತಕರಾರು ಇದೆ, ಇರಲಿ. 12 ವರ್ಷದ ಹುಡುಗನಿಗೆ "ಲೇಟಾಯ್ತು" ಅನ್ನಲು ಮಾತ್ರ ಯಾವ ಆಧಾರವೂ ಇಲ್ಲ.

ಈ ನಂಬಿಕೆಯಿಂದ ಇಬ್ಬರಿಗೂ ನಷ್ಟ. ಚಿಕ್ಕವಳು ಹೀರಿಕೊಳ್ಳುತ್ತಾಳೆ ಅಂತ ಏಳು ವರ್ಷದ ಮಗುವಿನ ಕೈಯಲ್ಲಿ ಡೆರ್, ಡೀ, ಡಾಸ್ (ನಾಮಪದದ ಹಿಂದೆ ಲಿಂಗಕ್ಕೆ ತಕ್ಕಂತೆ ಬರುವ ಪದಗಳು) ಕೋಷ್ಟಕ ಬರೆಸುತ್ತಾರೆ. ಅವಳು ಅಳುತ್ತಾಳೆ. ತಂಗಿಗೆ ಬಂದಿದ್ದು ನಿನಗೆ ಬರಲ್ವಾ ಅಂತ ದೊಡ್ಡವನನ್ನು ಬೈಯುತ್ತಾರೆ. ಅವನು ಪುಸ್ತಕ ಮುಚ್ಚುತ್ತಾನೆ.

ಈಗ ವೇಗದ ವಿಷಯ. ದೊಡ್ಡವನ ನಾಲ್ಕು ದಿನದಲ್ಲಿ ಎರಡು ದಿನ ಮಾತ್ರ ಹೊಸ ಪಾಠ. ಉಳಿದ ಎರಡು ದಿನ ಹಳೆಯದು. ನಮಗೆ ಪೋರ್ಷನ್ ಮುಗಿಸುವ ಚಟ. ಶಾಲೆ ಬಿಟ್ಟು ಮನೆಯಲ್ಲೇ ಓದಿಸುವವರೂ ಆ ಚಟವನ್ನು ಮಾತ್ರ ಮನೆಗೆ ತಂದಿರುತ್ತಾರೆ. ಪಾಠ ಮುಂದಕ್ಕೆ ಹೋಗಬಹುದಾ ಅಂತ ತಿಳಿಯಲು ಒಂದೇ ಪರೀಕ್ಷೆ ಸಾಕು: ಎರಡು ವಾರ ಹಿಂದಿನ ಪಾಠದ ಐದು ವಾಕ್ಯ ಪುಸ್ತಕ ನೋಡದೆ ಹೇಳಲಿ. ಬರದಿದ್ದರೆ ಅಲ್ಲೇ ನಿಲ್ಲಿ. ಮೊದಲ ಹಂತದ ಎಲ್ಲ ಜರ್ಮನ್ ಪುಸ್ತಕಗಳಲ್ಲೂ ಕರ್ಮ ವಿಭಕ್ತಿ ಬರುವ ಜಾಗ ಒಂದಿದೆ. ಡೆರ್ ಇದ್ದದ್ದು ಅಲ್ಲಿ ಡೆನ್ ಆಗುತ್ತದೆ. ಆ ಪಾಠಕ್ಕೆ ಪುಸ್ತಕ ಒಂದು ವಾರ ಕೊಟ್ಟಿದ್ದರೆ ನೀವು ಮೂರು ವಾರ ಕೊಡಿ.

ಚಿಕ್ಕವಳಿಗೆ ಪುಸ್ತಕವೇ ಬೇಡ, ಸದ್ಯಕ್ಕೆ. ಅವಳು ಈಗ ತಾನೇ ಇಂಗ್ಲಿಷ್ ಓದಲು ಕಲಿಯುತ್ತಿದ್ದಾಳೆ. ಅದೇ ಅಕ್ಷರಗಳನ್ನು ಜರ್ಮನ್ ಬೇರೆ ಥರ ಓದಿಸುತ್ತದೆ. ಡಬ್ಲ್ಯೂ ಅಂದರೆ 'ವ', ವೀ ಅಂದರೆ ಹೆಚ್ಚಾಗಿ 'ಫ', ಜೆಡ್ ಅಂದರೆ 'ತ್ಸ'. ಎರಡನ್ನೂ ಒಟ್ಟಿಗೆ ಹಾಕಿದರೆ ಎರಡೂ ಕಲಸಿಹೋಗುತ್ತವೆ. ಇಂಗ್ಲಿಷ್ ಓದು ಗಟ್ಟಿಯಾಗುವ ತನಕ ಕೇಳುವುದು, ಹೇಳುವುದು, ಅಷ್ಟೇ. ಕನ್ನಡ ಅಕ್ಷರದಲ್ಲಿ ಬರೆದುಕೊಡಬಹುದಾ ಅಂತ ಕೇಳಬೇಡಿ. ಯು ಮೇಲೆ ಎರಡು ಚುಕ್ಕಿ ಇಟ್ಟರೆ ಬರುವ ಸ್ವರಕ್ಕೆ ನಮ್ಮಲ್ಲಿ ಅಕ್ಷರ ಇಲ್ಲ. ಅವಳ ಕಿವಿ ಅದನ್ನು ಸುಲಭವಾಗಿ ಹಿಡಿಯುತ್ತದೆ. ಬರೆದುಕೊಟ್ಟರೆ ಅವಳೂ ನಿಮ್ಮ ಹಾಗೆ 'ಉ' ಅನ್ನುತ್ತಾಳೆ.

ಇಬ್ಬರನ್ನೂ ಕೂರಿಸಿ ಆಡಿಸಲು ಜರ್ಮನ್ ಮನೆಗಳ ಹಳೇ ಆಟವೊಂದಿದೆ, ಸೂಟ್‌ಕೇಸ್ ತುಂಬುವ ಆಟ. "ಇಷ್ ಪಾಕೆ ಮೈನೆನ್ ಕೋಫರ್" (ನಾನು ನನ್ನ ಸೂಟ್‌ಕೇಸ್ ತುಂಬುತ್ತಿದ್ದೇನೆ) ಅಂತ ಶುರು ಮಾಡಿ ಒಂದೊಂದೇ ವಸ್ತು ಸೇರಿಸುತ್ತಾ, ಹಿಂದಿನದೆಲ್ಲ ನೆನಪಿಟ್ಟು ಹೇಳುತ್ತಾ ಹೋಗಬೇಕು. ನಿಯಮ ಇಬ್ಬರಿಗೂ ಒಂದೇ ಬೇಡ. ಚಿಕ್ಕವಳು ಸೇಬಿನ ಚಿತ್ರ ಎತ್ತಿ "ಆಪ್ಫೆಲ್" ಅಂದರೆ ಸಾಕು. ದೊಡ್ಡವನು "ಐನೆನ್ ಆಪ್ಫೆಲ್" (ಒಂದು ಸೇಬನ್ನು) ಅನ್ನಲೇಬೇಕು, ಕರ್ಮ ವಿಭಕ್ತಿ ಮರೆತು "ಐನ್" ಅಂದರೆ ಔಟ್. ನೆನಪಿನಲ್ಲಿ ಅವಳು ಅಣ್ಣನನ್ನು ಸೋಲಿಸುವುದೂ ಉಂಟು. ಕೆಲವು ತಿಂಗಳು ಕಳೆದ ಮೇಲೆ ಯಾರೂ ಹೇಳಿಕೊಡದೇ ಅವಳೂ "ಐನೆನ್" ಅನ್ನುತ್ತಾಳೆ. ಅದನ್ನು ಕೇಳಿದ ದಿನ ನನಗೆ ಹಬ್ಬ. ಆದರೆ ಅಣ್ಣನನ್ನೇ ಮೇಷ್ಟ್ರು ಮಾಡಿ ನೀವು ಅಡುಗೆಮನೆಗೆ ಹೋಗಬೇಡಿ. ಅವನ ತಪ್ಪುಗಳೆಲ್ಲ ಅವಳಿಗೆ ಬಂದುಬಿಡುತ್ತವೆ.

ನೀವು ಕೇಳದ ಒಂದು ಮಾತು. ದೊಡ್ಡವನಿಗೆ ಕನ್ನಡ ಓದಲು ಬರುತ್ತಾ? ಮಾತಾಡುತ್ತಾನೆ ಅನ್ನಬೇಡಿ, ಓದು ಕೇಳುತ್ತಿದ್ದೇನೆ. ಇದನ್ನು ಕೇಳಿದಾಗ ಮನೆಯಲ್ಲೇ ಓದಿಸುವ ಎಷ್ಟೋ ಅಪ್ಪ ಅಮ್ಮ ಮಾತು ಬದಲಿಸುತ್ತಾರೆ. ಶಾಲೆಯ ಕಟ್ಟುಪಾಡು ಇಲ್ಲ, ಹಾಗಾಗಿ ಕನ್ನಡ ಆಮೇಲೆ ಅಂತ ಬದಿಗೆ ಸರಿದಿರುತ್ತದೆ. ಜರ್ಮನ್ ಪಾಠಕ್ಕೇ ಅದರಿಂದ ಪೆಟ್ಟು ಬೀಳುತ್ತದೆ. 'ಏಕೆಂದರೆ' ಅಂತ ಶುರುವಾಗುವ ಜರ್ಮನ್ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ. ಇಂಗ್ಲಿಷ್ ಒಂದನ್ನೇ ಓದಿದ ಹುಡುಗ ಅಲ್ಲಿ ತಿಣುಕುತ್ತಾನೆ. ಕನ್ನಡ ವಾಕ್ಯ ಓದಿ ಬಿಡಿಸಿ ಗೊತ್ತಿರುವವನಿಗೆ "ನಮ್ಮ ಥರಾನೇ, ಕ್ರಿಯಾಪದ ಕೊನೆಗೆ" ಅಂದರೆ ಮುಗಿಯಿತು.

ಮುಂದೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ ಹತ್ತನೇ ತರಗತಿ ಕಟ್ಟಿಸುವ ಯೋಚನೆ ಇದ್ದರೆ ಅಲ್ಲಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಸೇರಲು 14 ತುಂಬಿರಬೇಕು, ಅಂದರೆ ಅವನಿಗೆ ಇನ್ನೂ ಎರಡು ವರ್ಷ ಸಮಯವಿದೆ. ಜರ್ಮನ್ ಇಲ್ಲದ ಮೂರು ದಿನ ಅದೇ ಅರ್ಧ ಗಂಟೆ ಕನ್ನಡ ಪೇಪರ್ ಓದಿಸಿ, ಕ್ರೀಡಾ ಪುಟದಿಂದ ಶುರು ಮಾಡಿ. ತಂಗಿ ಪಕ್ಕದಲ್ಲಿ ಕೂತು ಚಿತ್ರ ನೋಡುತ್ತೇನೆ ಅಂದರೆ ನೋಡಲಿ ಬಿಡಿ.