ಫಾರ್ಮುಲಾ ಕಂಟೆಂಟ್ ಅಂದರೆ ಏನು?

ಒಮ್ಮೆ ಚೆನ್ನಾಗಿ ಓಡಿದ ವಿಡಿಯೊ ಅಥವಾ ಬರಹದ ಅಚ್ಚನ್ನೇ ಇಟ್ಟುಕೊಂಡು, ವಿಷಯ ಮಾತ್ರ ಬದಲಿಸಿ ಮತ್ತೆ ಮತ್ತೆ ಮಾಡುವುದಕ್ಕೆ ಫಾರ್ಮುಲಾ ಕಂಟೆಂಟ್ ಅನ್ನುತ್ತಾರೆ. ಅದೇ ಥರದ ತಂಬ್‌ನೇಲ್, ಬೆರಗಿನಿಂದ ಬಾಯಿ ತೆರೆದ ಮುಖ, ಶುರುವಿನಲ್ಲೇ 'ಕೊನೇವರೆಗೂ ನೋಡಿ' ಅನ್ನುವ ಮಾತು.

ಇದನ್ನು ಸುಮ್ನೆ ಸೋಮಾರಿತನ ಅಂದುಬಿಡುವುದು ತಪ್ಪು. ಬಹಳಷ್ಟು ಫಾರ್ಮುಲಾಗಳು ಹುಟ್ಟುವುದು ದುಡ್ಡಿನ ನಿಯಮಗಳಿಂದ. 2012ರಲ್ಲಿ ಯೂಟ್ಯೂಬ್, ಎಷ್ಟು ಜನ ಕ್ಲಿಕ್ ಮಾಡಿದರು ಅನ್ನುವುದಕ್ಕಿಂತ ಎಷ್ಟು ಹೊತ್ತು ನೋಡಿದರು ಅನ್ನುವುದಕ್ಕೆ ಜಾಸ್ತಿ ಬೆಲೆ ಕೊಡತೊಡಗಿತು. ವಿಡಿಯೊ ನಡುವೆ ಜಾಹೀರಾತು ಬರಬೇಕಾದರೆ ಅದು 10 ನಿಮಿಷ ದಾಟಬೇಕು ಅನ್ನುವ ನಿಯಮವೂ ಇತ್ತು. ನಾಲ್ಕು ನಿಮಿಷದ ಮಾತನ್ನು ಹತ್ತಕ್ಕೆ ಎಳೆಯುವುದು ರೂಢಿಯಾಯಿತು. 2020ರ ಜುಲೈನಲ್ಲಿ ಆ ಮಿತಿ 8 ನಿಮಿಷಕ್ಕೆ ಇಳಿಯಿತು. ಎಳೆಯುವವರ ಗುರಿಯೂ ಎಂಟಕ್ಕೆ ಇಳಿಯಿತು. ಹೇಳುವ ವಿಷಯವೇನೂ ಬದಲಾಗಿರಲಿಲ್ಲ, ಅಲ್ವಾ? ತಿಂಗಳ ಖರ್ಚು ಇದರಿಂದಲೇ ನಡೆಯಬೇಕು ಅನ್ನುವವರನ್ನು ಇದಕ್ಕಾಗಿ ದೂರಲು ನನಗೆ ಮನಸ್ಸು ಬರುವುದಿಲ್ಲ.

ಆದರೆ ಫಾರ್ಮುಲಾದ ಭದ್ರತೆ ನಿಯಮ ಮಾಡುವವರ ಕೈಯಲ್ಲಿರುತ್ತದೆ. ಜನ ಏನು ಹುಡುಕುತ್ತಾರೆ ಅಂತ ಲೆಕ್ಕ ಹಾಕಿ, ಕಡಿಮೆ ದುಡ್ಡಿಗೆ ರಾಶಿ ರಾಶಿ ಲೇಖನ ಬರೆಸುತ್ತಿದ್ದ 'ಕಂಟೆಂಟ್ ಫಾರ್ಮ್'ಗಳು ಒಂದು ಕಾಲದಲ್ಲಿ ಭರ್ಜರಿಯಾಗಿ ನಡೆಯುತ್ತಿದ್ದವು. 2011ರ ಫೆಬ್ರವರಿಯಲ್ಲಿ ಗೂಗಲ್ ತನ್ನ ಹುಡುಕಾಟದ ಲೆಕ್ಕಾಚಾರಕ್ಕೆ 'ಪಾಂಡಾ' ಅನ್ನುವ ಬದಲಾವಣೆ ತಂದಾಗ ಅಂಥ ಎಷ್ಟೋ ತಾಣಗಳು ಹುಡುಕಾಟದಲ್ಲಿ ಕೆಳಕ್ಕೆ ಬಿದ್ದವು.

ಹಾಗಂತ ಚೌಕಟ್ಟು ಇದ್ದದ್ದೆಲ್ಲ ಫಾರ್ಮುಲಾ ಅಲ್ಲ. ಫೋನ್ ರಿವ್ಯೂ ಮಾಡುವವರು ಪ್ರತಿ ಸಲ ಪರದೆ, ಬ್ಯಾಟರಿ, ಕ್ಯಾಮೆರಾ ಅಂತ ಅದೇ ಕ್ರಮದಲ್ಲಿ ಹೋದರೆ ಅದು ಫಾರ್ಮ್ಯಾಟ್. ನೋಡುವವರಿಗೂ ಅನುಕೂಲ, ಮಾಡುವವರಿಗೂ ಸಮಯ ಉಳಿಯುತ್ತದೆ. ಉಳಿದ ಸಮಯವನ್ನು ಫೋನನ್ನು ಸರಿಯಾಗಿ ಬಳಸಿ ನೋಡಲು ಕೊಡಬಹುದು. ಆದರೆ 'ಇದನ್ನು ಕೊಳ್ಳಲೇಬೇಡಿ' ಅನ್ನುವ ಶೀರ್ಷಿಕೆ ಚೆನ್ನಾಗಿ ಓಡುತ್ತದೆ ಅಂತ, ಫೋನ್ ಕೈಗೆ ಬರುವ ಮೊದಲೇ ತೀರ್ಪು ಬರೆದಿಟ್ಟರೆ? ಅಲ್ಲಿ ಅಂಕಿಅಂಶವೇ ಅಭಿಪ್ರಾಯ ಹೇಳುತ್ತಿದೆ. ಗೆರೆ ಇರುವುದು ಇಲ್ಲೇ ಅಂತ ನಾನು ನಂಬುತ್ತೇನೆ. ಸೃಜನಶೀಲತೆ ಅಂದರೆ ಪ್ರತಿ ಸಲ ಹೊಸ ವೇಷ ಹಾಕುವುದಲ್ಲ. ನೋಡಿದ ಮೇಲೆ ಅನಿಸಿದ್ದನ್ನು ಹೇಳುವ ಜಾಗ ಉಳಿಸಿಕೊಂಡರೆ ಹಳೆಯ ಚೌಕಟ್ಟಿನಲ್ಲೂ ಅದು ಇರುತ್ತದೆ.

ಈ ಜಾಗ ಹಿಗ್ಗಿಸಲು ಹಲವರು ಜಾಹೀರಾತು ಬಿಟ್ಟು ನೇರ ಬೆಂಬಲದ ಕಡೆ ತಿರುಗಿದ್ದಾರೆ. 2013ರಲ್ಲಿ ಶುರುವಾದ ಪೇಟ್ರಿಯಾನ್ ಅಂಥ ಬೆಂಬಲಕ್ಕೆಂದೇ ಇರುವ ತಾಣ. ಅಭಿಮಾನಿಗಳೇ ತಿಂಗಳಿಗಿಷ್ಟು ಅಂತ ಕೊಡುತ್ತಾರೆ. ಜಾಹೀರಾತಿಗಾಗಿ ನಿಮಿಷ ಎಳೆಯುವ ಕೆಲಸ ತಪ್ಪುತ್ತದೆ. ಆದರೆ ಒಂದು ಬಗೆಯ ಕೆಲಸ ಮೆಚ್ಚಿ ಬಂದವರು ಅದನ್ನೇ ಮತ್ತೆ ಕೇಳುವುದೂ ಉಂಟು. ದುಡ್ಡು ಕೊಡುವವರಿಗೆ 'ಈ ತಿಂಗಳು ಬೇರೆ ಏನೋ ಮಾಡುತ್ತಿದ್ದೇನೆ' ಅಂತ ಹೇಳುವ ಧೈರ್ಯ ಅಲ್ಲೂ ಬೇಕು.