ಎಲೆ ಉದುರುವ ಕಾಲಕ್ಕೆ ನೀರಿನ ದಾರಿ ನೋಡಿಕೊಳ್ಳಿ

‘ಗೋಡೆ ಪಸೆ ಹಿಡಿದಿದೆ, ಬಂದು ನೋಡಿ’ ಎಂದು ಯಾರಾದರೂ ಕರೆದರೆ ನಾನು ಮೊದಲು ಹೋಗುವುದು ಮನೆಯ ಹೊರಗಿನ ಮೂಲೆಗೆ. ಒಂದು ಮನೆಯಲ್ಲಿ ಮಲಗುವ ಕೋಣೆಯ ಗೋಡೆ ಗುಳ್ಳೆ ಎದ್ದು ಸುಲಿಯುತ್ತಿತ್ತು. ಎರಡು ಸಲ ಕೆರೆದು, ಪುಟ್ಟಿ ಹಚ್ಚಿ ಬಣ್ಣ ಬಳಿಸಿದ್ದರು. ಕಲೆ ಅದೇ ಜಾಗದಲ್ಲಿ ಮತ್ತೆ ಮೂಡಿತ್ತು. ಹೊರಗೆ ಅದೇ ಮೂಲೆಯಲ್ಲಿ ಮಳೆನೀರು ಇಳಿಯುವ ಪೈಪಿನ ಬಾಗನ್ನು ನಾನು ಬಿಚ್ಚಿ ನೋಡಿದೆ. ಒಳಗೆ ಮುಷ್ಟಿಗಾತ್ರದ ಎಲೆಮುದ್ದೆ, ಕೊಳೆತು ಕಪ್ಪಾಗಿತ್ತು. ಅದರಲ್ಲೊಂದು ಪುಟ್ಟ ಸಸಿ ಬೇರು ಬಿಟ್ಟಿತ್ತು. ಇಳಿಯಲು ದಾರಿ ಸಿಗದ ನೀರು ಗಟರಿನಲ್ಲಿ, ಅಂದರೆ ಚಾವಣಿಯ ನೀರನ್ನು ಪೈಪಿಗೆ ಒಯ್ಯುವ ಸೂರಿನಂಚಿನ ದೋಣಿಯಲ್ಲಿ, ತುಂಬಿ, ಸೂರಿನ ಮರಕ್ಕೆ ನುಗ್ಗಿ, ಗೋಡೆಯೊಳಗೆ ಸೇರಿಕೊಂಡಿತ್ತು.

ಶರತ್ಕಾಲದ ಸೋರಿಕೆಗಳಲ್ಲಿ ನಾನು ಹೆಚ್ಚಾಗಿ ಕಾಣುವುದು ಇದನ್ನೇ. ಚಾವಣಿ ತೂತಾಗಿರುವುದಿಲ್ಲ, ನೀರಿನ ದಾರಿ ಕಟ್ಟಿರುತ್ತದೆ. 1 ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಎಂದರೆ 1 ಲೀಟರ್ ನೀರು. 100 ಚದರ ಮೀಟರ್ ಚಾವಣಿಯ ಮೇಲೆ 25 ಮಿ.ಮೀ. ಮಳೆ ಸುರಿದರೆ 2,500 ಲೀಟರ್. ಇಷ್ಟೂ ನೀರು ಕೆಲವೇ ಪೈಪುಗಳ ಬಾಯಿಂದ ಹೋಗಬೇಕು.

ಹಾಗಾಗಿ ಗಟರಿನ ಕಸವನ್ನು ಎರಡು ಸಲ ತೆಗೆಸಿ: ಎಲೆ ಅರ್ಧ ಉದುರಿದಾಗ ಒಮ್ಮೆ, ಮರ ಬೋಳಾದ ಮೇಲೆ ಇನ್ನೊಮ್ಮೆ. ಬಹಳ ಜನ ಮೊದಲನೆಯದನ್ನು ಮುಗಿಸಿ ನಿಶ್ಚಿಂತೆಯಿಂದ ಇರುತ್ತಾರೆ, ಎರಡನೆಯದೇ ಮುಖ್ಯ. ಕಸ ತೆಗೆದ ಮೇಲೆ ಪೈಪಿನಿಂದ ದೂರದ ತುದಿಯಲ್ಲಿ ಒಂದು ಬಕೆಟ್ ನೀರು ಸುರಿದು ಕೆಳಗೆ ನಿಂತು ನೋಡಿ. ಧಾರೆಯಾಗಿ ಬಂದರೆ ಸರಿ. ತೊಟ್ಟಿಕ್ಕಿದರೆ ಬಾಗಿನಲ್ಲಿ ಇನ್ನೂ ಏನೋ ಸಿಕ್ಕಿಕೊಂಡಿದೆ. ಮಧ್ಯದಲ್ಲಿ ನೀರು ನಿಂತರೆ ಗಟರಿನ ಇಳಿಜಾರು ತಪ್ಪಿದೆ; 10 ಅಡಿಗೆ ಕಾಲು ಇಂಚಿನಷ್ಟಾದರೂ ಇಳಿಜಾರು ಇರಬೇಕು. ಜಾಲರಿ ಹಾಕಿಸಿದ್ದೇವೆ ಎನ್ನುವವರೂ ಮೇಲೆ ಹತ್ತಿಸಿ ನೋಡಲೇಬೇಕು, ಸಣ್ಣ ಎಲೆ, ಮಣ್ಣು ಅದರ ಮೇಲೂ ಪದರವಾಗಿ ಕೂರುತ್ತವೆ. ಏಣಿ ಹತ್ತಿ ಅಭ್ಯಾಸವಿಲ್ಲದವರು ದಯವಿಟ್ಟು ಹತ್ತಬೇಡಿ, ಬಲ್ಲವರನ್ನು ಕರೆಸಿ.

ಮೇಲಿನಿಂದ ಇಳಿದ ನೀರು ತಳಪಾಯದ ಬುಡದಲ್ಲೇ ಬಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಪೈಪಿನ ಬಾಯಿ ಗೋಡೆಯಿಂದ ಐದಾರು ಅಡಿ ಆಚೆಗಿರಲಿ. ಗೋಡೆಯ ಪಕ್ಕದ ನೆಲ ಮೊದಲ 10 ಅಡಿಯಲ್ಲಿ 6 ಇಂಚು ಹೊರಕ್ಕೆ ಇಳಿದಿರಲಿ. ಗುಡಿಸಿದ ಎಲೆಯನ್ನು ಗೋಡೆಗೆ ಒತ್ತಿ ರಾಶಿ ಹಾಕುವುದು ಬೇಡ. ಅದು ಸ್ಪಂಜಿನಂತೆ ತೇವ ಹಿಡಿದು, ಗೋಡೆಗೆ ವಾರಗಟ್ಟಲೆ ಉಣಿಸುತ್ತದೆ.

ಚಳಿಗೆ ನೀರು ಹೆಪ್ಪುಗಟ್ಟುವ ಕಡೆ ಇರುವವರಿಗೆ ಇನ್ನೊಂದು ಕೆಲಸವಿದೆ. ನೀರು ಮಂಜುಗಡ್ಡೆಯಾದಾಗ ಸುಮಾರು 9% ಹಿಗ್ಗುತ್ತದೆ, ಪೈಪು ಅದನ್ನು ತಾಳುವುದಿಲ್ಲ. ಹೊರಗಿನ ನಲ್ಲಿಗೆ ಸಿಕ್ಕಿಸಿದ ರಬ್ಬರ್ ಪೈಪು ತೆಗೆಯಿರಿ, ಒಳಗಿನ ವಾಲ್ವ್ ಮುಚ್ಚಿ, ನಲ್ಲಿಯನ್ನು ತೆರೆದೇ ಬಿಡಿ. ಸಿಡಿದ ಪೈಪು ಅನೇಕ ಸಲ ಮಂಜು ಕರಗುವವರೆಗೂ ಗೊತ್ತಾಗುವುದಿಲ್ಲ. ಆಮೇಲೆ ಮನೆಯೊಳಗೆ ನೀರೇ ನೀರು. ಅಂಥ ಹೊತ್ತಿಗೆ ಮುಖ್ಯ ವಾಲ್ವ್ ಎಲ್ಲಿದೆ ಎಂಬುದು ಮನೆಯ ಎಲ್ಲರಿಗೂ ತಿಳಿದಿರಬೇಕು. ವರ್ಷಕ್ಕೊಮ್ಮೆಯಾದರೂ ಅದನ್ನು ತಿರುಗಿಸಿ ನೋಡಿ, ಇಲ್ಲದಿದ್ದರೆ ಬಿಗಿದುಕೊಂಡು ಬೇಕಾದಾಗ ಅಲುಗಾಡುವುದಿಲ್ಲ.

ಒಳಗೆ ನೀರು ಬಂದೇಬಿಟ್ಟರೆ ತಡಮಾಡಬೇಡಿ. 24ರಿಂದ 48 ಗಂಟೆಯೊಳಗೆ ಬೂಷ್ಟು ಶುರುವಾಗಬಹುದು. ಕಿಟಕಿ ತೆಗೆದು ಫ್ಯಾನ್ ಹಾಕಿ, ಒದ್ದೆ ಕಾರ್ಪೆಟ್ ಹೊರಗೆ ಹಾಕಿ.

ಹಳೆಯ ಕಲೆ ಜೀವಂತವೋ ಅಲ್ಲವೋ ಎಂಬ ಅನುಮಾನವಿದ್ದರೆ ಅದರ ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ದಿನಾಂಕ ಬರೆದಿಡಿ. ಎರಡು ದೊಡ್ಡ ಮಳೆಯಾದ ಮೇಲೆ ಕಲೆ ಗೆರೆ ದಾಟಿದ್ದರೆ ನೀರು ಇನ್ನೂ ಬರುತ್ತಿದೆ ಎಂದರ್ಥ. ಆ ದಾರಿ ಸಿಗುವವರೆಗೆ ಬಣ್ಣದ ಡಬ್ಬಿ ತೆರೆಯಬೇಡಿ.